ಸರ್ವೀಸಿಗೆ ಬಿಟ್ಟ ಗಾಡಿ ಕೆಟ್ಟು ಬಂದಾಗ

ವಿಜಯಪುರ, ಕಲಬುರಗಿ, ಬೆಂಗಳೂರು ಕಡೆಯಿಂದ ವರ್ಗವಾಗಿ ಶಿವಮೊಗ್ಗಕ್ಕೆ ಬಂದವರು ನಮ್ಮ ಸಂಘದಲ್ಲಿ ಮೊದಲು ವಿಚಾರಿಸುವುದು ಬಾಡಿಗೆ ಮನೆ, ಶಾಲೆ, ಗ್ಯಾಸ್. ಒಂದು ಮಳೆಗಾಲ ಕಳೆದ ಮೇಲೆ ಬರುವ ಪ್ರಶ್ನೆ ಬೇರೆ: "ಬೈಕನ್ನ ಶೋರೂಮಿನಲ್ಲೇ ಸರ್ವೀಸ್ ಮಾಡಿಸಿದ್ವಿ, ಗಾಡಿ ಮೊದಲಿಗಿಂತ ಹಾಳಾಗಿದೆ. ಯಾರ ಹತ್ರ ಹೋಗೋದು?"

ಅದೇ ಶೋರೂಮಿಗೆ ಹೋಗಿ. ಬೇರೆ ಯಾರ ಕೈಯಲ್ಲಾದರೂ ಒಂದು ಬೋಲ್ಟು ಬಿಚ್ಚಿಸುವ ಮೊದಲು ಹೋಗಿ. ಉಳಿದದ್ದೆಲ್ಲ ಇದರ ವಿವರಣೆಯಷ್ಟೆ.

ಇದನ್ನು ನಾನು ಕೈಯಿಂದ ದುಡ್ಡು ಹಾಕಿ ಕಲಿತೆ. ಎಂಜಿನ್ ಆಯಿಲ್ ಬದಲಿಸಿದ ಮರುದಿನ ತೀರ್ಥಹಳ್ಳಿಗೆ ಹೊರಟಿದ್ದೆ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯ ಹತ್ತಿರ ಚಹಾಕ್ಕೆಂದು ನಿಲ್ಲಿಸಿದರೆ ಎಂಜಿನ್ ಅಡಿಯಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ದಾರಿಬದಿಯ ಮೆಕ್ಯಾನಿಕ್ ಒಬ್ಬ, ಪಾಪ ಒಳ್ಳೆಯ ಹುಡುಗ, ಹಳೇ ಆಯಿಲ್ ಇಳಿಸಲು ಎಂಜಿನ್ ಅಡಿಯಲ್ಲಿರುವ ಡ್ರೈನ್ ಬೋಲ್ಟ್ ಬಿಚ್ಚಿ, ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿ ಮತ್ತೆ ಬಿಗಿದ. ಮನೆ ತಲುಪಿದೆ. ಮರುದಿನ ಶೋರೂಮಿಗೆ ಒಯ್ದರೆ ಸೂಪರ್‌ವೈಸರ್ ಟೇಪಿನ ಚೂರು ನೋಡಿದವನೇ, "ಹೊರಗಡೆ ಬಿಚ್ಚಿಸಿದ್ದೀರಲ್ಲ ಸಾರ್, ಇನ್ನು ನಾವೆಂಥ ಮಾಡೋದು?" ಅಂದ. ಎಂಜಿನ್ ಕೇಸು ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಅಳತೆ ಮೀರಿ ಬಿಗಿದರೆ ಕೇಸಿನ ಥ್ರೆಡ್ಡೇ ಕಿತ್ತು ಬರುತ್ತದೆ. ಅದನ್ನು ಕಿತ್ತದ್ದು ಶೋರೂಮಿನ ಪಾನವೋ ಮಂಡಗದ್ದೆಯ ಪಾನವೋ ಅಂತ ಹೇಳುವವರು ಯಾರು? ಹೊಸ ಥ್ರೆಡ್ ಕೂರಿಸಿಕೊಂಡದ್ದು ನನ್ನ ಖರ್ಚಿನಲ್ಲೇ.

ಹಾಗೆಂದು ಕಾಡಿನ ನಡುವೆ ಮಳೆಯಲ್ಲಿ ನಿಂತಿರಿ ಎಂದು ಹೇಳುತ್ತಿಲ್ಲ. ಮೊದಲು ಫೋಟೊ, ವಿಡಿಯೊ ತೆಗೆದುಕೊಳ್ಳಿ. ಸೋರುತ್ತಿರುವ ಜಾಗ, ಕಿಲೋಮೀಟರ್ ಮೀಟರು, ಎರಡೂ ಕಾಣಲಿ. ಶೋರೂಮಿಗೆ ಫೋನ್ ಮಾಡಿ, ಅದನ್ನೇ ವಾಟ್ಸಾಪಿನಲ್ಲೂ ಬರೆದು ಹಾಕಿ. ಘಾಟಿಯಲ್ಲಿ ಸಿಗ್ನಲ್ ಇರುವುದಿಲ್ಲ, ಸಿಕ್ಕಿದ ಕೂಡಲೇ ಕಳಿಸಿ. ಮನೆ ಮುಟ್ಟುವಷ್ಟು ರಿಪೇರಿ ಮಾಡಿಸಲೇಬೇಕಾದರೆ, ಬಿಚ್ಚುವ ಮೊದಲು ಗಾಡಿ ಹೇಗಿತ್ತು, ಏನು ಮಾಡಿದೆ ಎಂದು ಆ ಮೆಕ್ಯಾನಿಕ್ ಕೈಯಲ್ಲೇ ಒಂದು ಚೀಟಿ ಬರೆಸಿ ಸಹಿ ಹಾಕಿಸಿ.

ಗಾಡಿ ಬಿಡುವಾಗ

ಎಲ್ಲವೂ ಜಾಬ್ ಕಾರ್ಡಿನ ಮೇಲೆ, ಅಂದರೆ ಗಾಡಿ ಬಿಡುವಾಗ ಶೋರೂಮಿನವರು ಬರೆದುಕೊಳ್ಳುವ ಕೆಲಸದ ಚೀಟಿಯ ಮೇಲೆ ನಿಂತಿದೆ. ಸರ್ವೀಸ್ ಅಡ್ವೈಸರ್ ಕಂಪ್ಯೂಟರಿನಲ್ಲಿ "ಜನರಲ್ ಚೆಕಪ್" ಎಂದು ಒತ್ತಿ ನಿಮ್ಮ ಸಹಿ ಕೇಳುತ್ತಾನೆ. ಅಷ್ಟಕ್ಕೆ ಸಹಿ ಹಾಕಬೇಡಿ. "ಮೂರನೇ ಗೇರಿನಲ್ಲಿ ಏರು ಹತ್ತುವಾಗ ಕಟಕಟ ಸದ್ದು" ಎಂದು ನಿಮ್ಮ ಮಾತಿನಲ್ಲೇ ಬರೆಸಿ. ಕಿಲೋಮೀಟರ್, ಟ್ಯಾಂಕಿನ ಪೆಟ್ರೋಲು, ಮೊದಲೇ ಇದ್ದ ಗೀರುಗಳು ಅದರಲ್ಲಿರಲಿ. ಅಂದಾಜು ಖರ್ಚು ಬರೆಸಿ, ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಕೈ ಹಾಕುವ ಮೊದಲು ಫೋನ್ ಮಾಡಬೇಕು ಎಂದೂ ಸೇರಿಸಿ. ಬದಲಿಸಿದ ಹಳೇ ಸಾಮಾನು ವಾಪಸ್ ಕೇಳಿ. ವಾರಂಟಿಯಲ್ಲಿ ಬದಲಿಸಿದ್ದು ಮಾತ್ರ ಸಾಮಾನ್ಯವಾಗಿ ಕಂಪನಿಗೆ ಹೋಗುತ್ತದೆ, ಅದಕ್ಕೆ ಜಗಳ ಬೇಡ. ಫೋಟೊ ತೆಗೆದುಕೊಂಡರೆ ಸಾಕು.

ಬೇರೆ ಊರಿನಲ್ಲಿ ಗಾಡಿ ಕೊಂಡವರಿಗೆ ಒಂದು ಮಾತು: ಫ್ರೀ ಸರ್ವೀಸನ್ನು ಸಾಮಾನ್ಯವಾಗಿ ಅದೇ ಕಂಪನಿಯ ಯಾವ ಅಧಿಕೃತ ಡೀಲರ್ ಹತ್ತಿರ ಬೇಕಾದರೂ ಮಾಡಿಸಬಹುದು. "ಇಲ್ಲಿ ತಗೊಂಡಿಲ್ವಲ್ಲ" ಎಂದರೆ ಸರ್ವೀಸ್ ಪುಸ್ತಕ ತೋರಿಸಿ. ಫ್ರೀ ಎಂದರೆ ಕೂಲಿ ಮಾತ್ರ ಫ್ರೀ, ಆಯಿಲ್ ದುಡ್ಡು ಕೊಡಬೇಕು. ಕಿಲೋಮೀಟರು, ದಿನ, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು. ವರ್ಗಾವಣೆಯ ಗಡಿಬಿಡಿಯಲ್ಲಿ ಒಂದು ಸರ್ವೀಸ್ ತಪ್ಪಿದರೂ ಮುಂದೆ ವಾರಂಟಿ ಕೇಳುವಾಗ ಅದನ್ನೇ ಎತ್ತಿ ಆಡುತ್ತಾರೆ.

ಆಯುಧಪೂಜೆಯ ಹಿಂದಿನ ಎರಡು ದಿನ ದಯವಿಟ್ಟು ಬಿಡಬೇಡಿ. ಆಗ ಅಲ್ಲಿ ನಡೆಯುವುದು ಸರ್ವೀಸ್ ಅಲ್ಲ, ಗಾಡಿಗಳ ಸಾಮೂಹಿಕ ಸ್ನಾನ.

ವಾಪಸ್ ತರುವಾಗ

ಬಾಗಿಲು ಹಾಕುವ ಹೊತ್ತಿಗೆ, ಅದೂ ಮಳೆಯಲ್ಲಿ, ಹೋಗಬೇಡಿ. ಬೆಳಕಿರುವಾಗ ಹೋಗಿ, ದುಡ್ಡು ಕೊಡುವ ಮೊದಲು ಅಂಗಳದಲ್ಲೇ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹತ್ತು ನಿಮಿಷ ಎಂಜಿನ್ ಓಡಿಸಿ, ಡ್ರೈನ್ ಬೋಲ್ಟಿನ ಸುತ್ತ ಬೆರಳಾಡಿಸಿ. ಎಂಜಿನ್ ಮತ್ತು ಸೈಲೆನ್ಸರ್ ಬಿಸಿಯಿರುತ್ತದೆ, ಜೋಪಾನ. ಆಯಿಲ್ ಮಟ್ಟ ನೋಡುವುದು ಎಂಜಿನ್ ನಿಲ್ಲಿಸಿ ಎರಡು ಮೂರು ನಿಮಿಷ ಬಿಟ್ಟ ಮೇಲೆ. ಕಡಿಮೆಯಾದರೆ ತಪ್ಪು ಎಂದು ಎಲ್ಲರಿಗೂ ಗೊತ್ತು, ಹೆಚ್ಚಾದರೂ ತಪ್ಪೇ.

ಚೈನನ್ನು ಕೆಳಬದಿಯ ನಡುಭಾಗದಲ್ಲಿ ಬೆರಳಿನಿಂದ ಮೇಲಕ್ಕೆ ಎತ್ತಿ ನೋಡಿ. ಹೆಚ್ಚಿನ ಬೈಕುಗಳಲ್ಲಿ 20ರಿಂದ 30 ಮಿಲಿಮೀಟರ್ ಆಡಬೇಕು; ನಿಮ್ಮ ಗಾಡಿಯ ಲೆಕ್ಕ ಮ್ಯಾನ್ಯುಯಲ್‌ನಲ್ಲಿದೆ. ಇಬ್ಬರು ಕೂತಾಗ ಚೈನ್ ಇನ್ನೂ ಬಿಗಿಯಾಗುತ್ತದೆ, ಮೊದಲೇ ತಂತಿಯಂತೆ ಎಳೆದಿಟ್ಟಿದ್ದರೆ ಬೇರಿಂಗ್, ಸ್ಪ್ರಾಕೆಟ್ ತಿನ್ನುತ್ತದೆ. ಹಿಂದಿನ ಚಕ್ರದ ಎರಡೂ ಬದಿಯ ಗೆರೆಗುರುತು ಒಂದೇ ಜಾಗದಲ್ಲಿರಬೇಕು.

ಬ್ರೇಕಿನ ವಿಷಯದಲ್ಲಿ ಈ ಊರು ಬಯಲುಸೀಮೆಯಲ್ಲ. ಅಲ್ಲಿ ಸಣ್ಣ ತಪ್ಪು ಸಣ್ಣದಾಗಿಯೇ ಉಳಿಯುತ್ತದೆ. ಇಲ್ಲಿ ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸೋಮೇಶ್ವರಕ್ಕೆ ಇಳಿಯಲು ಹೊರಟರೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಕಾಯುತ್ತಿರುತ್ತವೆ. ಹೊಸನಗರದ ಕಡೆಯಿಂದ ಇಳಿದರೆ ಹುಲಿಕಲ್ ಘಾಟಿ. ಹಿಂದಿನ ಡ್ರಮ್ ಬ್ರೇಕಿನ ನಟ್ಟನ್ನು ಅತಿಯಾಗಿ ಬಿಗಿದಿದ್ದರೆ ಒಳಗಿನ ಬ್ರೇಕ್ ಶೂ ಡ್ರಮ್ಮಿಗೆ ಸದಾ ತಾಗಿಕೊಂಡೇ ಇದ್ದು ಬಿಸಿಯಾಗುತ್ತದೆ, ಕಾದ ಬ್ರೇಕು ಅರ್ಧ ಘಾಟಿಯಲ್ಲಿ ಹಿಡಿತ ಬಿಡುತ್ತದೆ. ಸ್ಟ್ಯಾಂಡ್ ಮೇಲೆ ನ್ಯೂಟ್ರಲ್‌ನಲ್ಲಿ ಚಕ್ರ ಕೈಯಲ್ಲಿ ತಿರುಗಿಸಿ, ಸಲೀಸಾಗಿ ತಿರುಗಬೇಕು. ಇನ್ನೊಂದು, ತೊಳೆದ ಮೇಲೆ ಹೊಳಪಿಗೆಂದು ಹೊಡೆಯುವ ಪಾಲಿಶ್ ಅಥವಾ ಡೀಸೆಲ್ ಡಿಸ್ಕಿಗೆ ತಾಗಿದರೆ ಬ್ರೇಕು ಜಾರುತ್ತದೆ. ಹೊಳಪೇ ಬೇಡ ಎಂದು ನಾನು ಜಾಬ್ ಕಾರ್ಡಿನಲ್ಲೇ ಬರೆಸುತ್ತೇನೆ. ಸರ್ವೀಸ್ ಆದ ಮೇಲೆ ಎರಡು ಮೂರು ದಿನ ಊರೊಳಗೆ ಓಡಿಸಿ ನೋಡದೆ ಘಾಟಿಗೆ ಇಳಿಸಬೇಡಿ.

ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಕಲೆ ಬಿದ್ದಿದ್ದರೆ ರಟ್ಟಿನ ಸಮೇತ ಫೋಟೊ.

ದೂರು

ಕೂಗಾಡಿ ಪ್ರಯೋಜನವಿಲ್ಲ. ಶಿವಮೊಗ್ಗ ಅಷ್ಟು ದೊಡ್ಡ ಊರೂ ಅಲ್ಲ. ನಾಳೆ ಯಾರದೋ ಮದುವೆಯಲ್ಲಿ ನಿಮ್ಮ ಪಕ್ಕದ ಎಲೆಗೆ ಅದೇ ಮ್ಯಾನೇಜರ್ ಬಂದು ಕೂರಬಹುದು. ಬಾಯಲ್ಲಿ ಮೆತ್ತಗೆ ಮಾತಾಡಿ, ಕಾಗದದಲ್ಲಿ ಗಟ್ಟಿಯಾಗಿ ಬರೆಯಿರಿ. "ತಗೊಂಡು ಬನ್ನಿ ಸಾರ್, ನೋಡೋಣ" ಎಂದರೆ ಹೊಸ ಜಾಬ್ ಕಾರ್ಡ್ ತೆರೆಯಲು ಹೇಳಿ. ಪರಿಚಯದ ಮೇಲೆ ಹಾಗೇ ಬಿಚ್ಚಿ ನೋಡಿದ್ದಕ್ಕೆ ಆಮೇಲೆ ದಾಖಲೆಯೇ ಇರುವುದಿಲ್ಲ.

ಪತ್ರ ಉದ್ದ ಬೇಡ. ಇಷ್ಟು ಸಾಕು: "ಇಂಥ ತಾರೀಕು, ಇಂಥ ಜಾಬ್ ಕಾರ್ಡ್ ನಂಬರಿನಲ್ಲಿ ನನ್ನ ಬೈಕಿನ ಆಯಿಲ್ ಬದಲಿಸಿದ್ದೀರಿ. ಇಷ್ಟು ಕಿಲೋಮೀಟರ್ ಓಡುವಷ್ಟರಲ್ಲಿ ಡ್ರೈನ್ ಬೋಲ್ಟಿನಿಂದ ಆಯಿಲ್ ಸೋರಿದೆ. ಫೋಟೊ ಲಗತ್ತಿಸಿದೆ. ಬೇರೆ ಎಲ್ಲೂ ಬಿಚ್ಚಿಸಿಲ್ಲ. ನಿಮ್ಮ ಖರ್ಚಿನಲ್ಲಿ ಸರಿಪಡಿಸಿ, 7 ದಿನದೊಳಗೆ ಲಿಖಿತ ಉತ್ತರ ಕೊಡಿ." ಒಂದು ಪ್ರತಿಯ ಮೇಲೆ ಸೀಲು, ಸಹಿ ತೆಗೆದುಕೊಳ್ಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಅಥವಾ ಇಮೇಲ್. ಅದೇ ಪತ್ರ ಕಂಪನಿಯ ಕಸ್ಟಮರ್ ಕೇರಿಗೂ ಹೋಗಲಿ, ಅವರು ಕೊಡುವ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನಾನು ಕಂಡಂತೆ ಹೆಚ್ಚಿನವು ಇಲ್ಲಿಗೇ ಮುಗಿಯುತ್ತವೆ. ಕಂಪನಿಯಿಂದ ಫೋನ್ ಬಂದರೆ ಡೀಲರ್ ಎದ್ದು ಕೂರುತ್ತಾನೆ.

ಮುಗಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರ ನಂತರ ಜಿಲ್ಲಾ ಗ್ರಾಹಕ ಆಯೋಗ. ಜನ ಈಗಲೂ ಕನ್ಸ್ಯೂಮರ್ ಕೋರ್ಟ್ ಎಂದೇ ಹೇಳುವುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ತಪ್ಪು ನಡೆದದ್ದು ಹುಬ್ಬಳ್ಳಿಯ ಶೋರೂಮಿನಲ್ಲಾದರೂ ಅಲ್ಲಿಗೆ ಓಡಾಡಬೇಕಾಗಿಲ್ಲ. ಘಟನೆ ನಡೆದು 2 ವರ್ಷದೊಳಗೆ ಹಾಕಬೇಕು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿದ ಮೇಲೆ 3 ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನೀವು ಅದಕ್ಕಿಂತ ಹೆಚ್ಚಿನ ತಾಳ್ಮೆ ಇಟ್ಟುಕೊಂಡೇ ಹೋಗಿ. ಇನ್ನೂರು ರೂಪಾಯಿ ಕ್ಲಚ್ ಕೇಬಲ್ಲಿಗೆ ಆಯೋಗದ ಮೆಟ್ಟಿಲು ಹತ್ತುವುದು ನನ್ನ ಮಟ್ಟಿಗೆ ದಂಡ. ಎಂಜಿನ್ ಒಳಗೇ ಹಿಡಿದು ಸೀಜ್ ಆದರೆ, ಬ್ರೇಕ್ ತಪ್ಪಿನಿಂದ ಬಿದ್ದು ಪೆಟ್ಟಾದರೆ ಬಿಡಬೇಡಿ.

ಬಿಲ್ ಬಗ್ಗೆ ಹೇಳುವುದು ಮರೆತೆ. "ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ಕೊಡ್ತೀನಿ" ಎಂಬ ಮಾತಿಗೆ ಮರುಳಾಗಬೇಡಿ. ಕೇಳಿದರೂ ಬಿಲ್ ಕೊಡದಿರುವುದನ್ನು ಇದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ.

ಪತ್ರ ಬರೆಯಲು ಬಾರದವರು, ಒಬ್ಬರೇ ಶೋರೂಮಿಗೆ ಹೋಗಲು ಹಿಂಜರಿಯುವವರು ಭಾನುವಾರ ಬೆಳಿಗ್ಗೆ ಸಂಘದ ಕೋಣೆಗೆ ಬನ್ನಿ, ಯಾರಾದರೂ ಜೊತೆಗೆ ಬರುತ್ತೇವೆ. ಜಾಬ್ ಕಾರ್ಡ್, ಬಿಲ್, ಮೊಬೈಲಿನ ಫೋಟೊ ಇದ್ದರೆ ಸಾಕು. ಆಯಿಲ್ ಸೋರುವ ಗಾಡಿಯನ್ನು ಮಾತ್ರ ಗೇಟಿನ ಹೊರಗೆ ನಿಲ್ಲಿಸಿ. ಒಳಗೆ ರಂಗೋಲಿ ಹಾಕುವವರಿಂದ ನಮಗೂ ಒಂದು ದೂರು ಬಂದಿದೆ.