ಸೇನೆಯಲ್ಲಿದ್ದು ಬಂದ ಹಲ್ಲಿನ ಡಾಕ್ಟರ ಬದುಕನ್ನು ಬರೆಯುವ ಬಗೆ

ವರ್ಷದ ಪುಣ್ಯಸ್ಮರಣೆಗೆ ಕಿರುಪುಸ್ತಿಕೆಯೊಂದನ್ನು ಅಚ್ಚು ಹಾಕಿಸುವುದು ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ಅನೇಕ ಮನೆಗಳಲ್ಲಿ ಈಗ ರೂಢಿಯಾಗಿದೆ. ತೀರಿಕೊಂಡವರು ದಂತವೈದ್ಯರೂ ಮಾಜಿ ಸೇನಾಧಿಕಾರಿಯೂ ತುಂಬು ಸಂಸಾರದ ಯಜಮಾನರೂ ಆಗಿದ್ದರೆ, ಬರೆಯಲು ಕುಳಿತವರು ಸಾಮಾನ್ಯವಾಗಿ ಮೂರು ಭಾಗ ಮಾಡಿ ಮೂರಕ್ಕೂ ಒಂದೇ ಅಳತೆಯ ಜಾಗ ಕೊಡುತ್ತಾರೆ. ಈ ಹಂಚಿಕೆ ನನಗೆ ಸರಿ ಕಾಣುವುದಿಲ್ಲ. ಸಂಸಾರಕ್ಕೆ ಮನೆಮಂದಿಯೆಲ್ಲ ಸಾಕ್ಷಿ, ದವಾಖಾನೆಗೆ ಊರೇ ಸಾಕ್ಷಿ. ಸೇನೆಯ ವರ್ಷಗಳಿಗೆ ಮಾತ್ರ ಊರಿನಲ್ಲಿ ಸಾಕ್ಷಿಗಳೇ ಇರುವುದಿಲ್ಲ. ಆದ್ದರಿಂದ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಿ, ಹೆಚ್ಚು ಶ್ರಮವನ್ನೂ ಅಲ್ಲಿಗೇ ಮೀಸಲಿಡಬೇಕು.

ಅದಕ್ಕೂ ಮೊದಲು ಇಸವಿಗಳ ಒಂದು ಪಟ್ಟಿ ಬೇಕು. 1940ರ ದಶಕದಲ್ಲಿ ಹುಟ್ಟಿದವರ ಜನ್ಮದಿನಾಂಕ ಜೂನ್ 1 ಎಂದು ಶಾಲೆಯ ಟಿ.ಸಿ.ಯಲ್ಲಿದ್ದರೆ, ಅದು ಹೆಸರು ಹಚ್ಚಿದ ಮೇಷ್ಟ್ರು ಕೊಟ್ಟ ದಿನಾಂಕವಾಗಿರುವ ಸಂಭವವೇ ಹೆಚ್ಚು. ಅದನ್ನು ‘ಶಾಲಾ ದಾಖಲೆಯ ಪ್ರಕಾರ’ ಎಂದು ಬರೆದು, ಮನೆಯವರು ಹೇಳುವ ಹಬ್ಬವನ್ನೋ ಮಳೆ ನಕ್ಷತ್ರವನ್ನೋ ಪಕ್ಕದಲ್ಲಿ ಸೇರಿಸುವುದು ಒಳ್ಳೆಯದು. ರಾಯಚೂರು, ಕೊಪ್ಪಳದ ಹಳೆಯ ಕಾಗದಗಳು ಉರ್ದುವಿನಲ್ಲಿದ್ದು ಫಸಲಿ ವರ್ಷ (ನಿಜಾಮರ ಆಡಳಿತದ ಕಂದಾಯ ವರ್ಷ) ನಮೂದಾಗಿದ್ದರೆ, ಇಸವಿ ತಿಳಿಯಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳಿಗೆ 590ನ್ನೂ ಜನವರಿಯಿಂದ ಮುಂದಿನವಕ್ಕೆ 591ನ್ನೂ ಕೂಡಿಸಿಕೊಳ್ಳಬೇಕು. ಹುಟ್ಟಿದೂರಿನ ಹೆಸರಿನ ಮುಂದೆ ಇಂದಿನ ಜಿಲ್ಲೆ, ರಾಜ್ಯಗಳನ್ನು ಕಣ್ಣು ಮುಚ್ಚಿ ಬರೆಯಬಾರದು. ಬಳ್ಳಾರಿಯು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ರಾಯಚೂರು ಸೀಮೆ ಹೈದರಾಬಾದ್ ರಾಜ್ಯದಿಂದ ಬಂದದ್ದು 1956ರ ನವೆಂಬರ್ 1ರಂದು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಆರಂಭವಾದದ್ದೇ 1958ರಲ್ಲಿ, ಅವರು ಬಿ.ಡಿ.ಎಸ್. ಓದಲು ಬೆಂಗಳೂರಿಗೆ ಹೋದರೋ, ಹೈದರಾಬಾದಿಗೋ, ಮದ್ರಾಸಿಗೋ ಎಂಬುದರ ಹಿಂದೆ ಈ ಗಡಿಗಳ ನೆರಳು ಇರುವುದುಂಟು.

ಇನ್ನು ಸೇನೆ. ‘ಹಲ್ಲಿನ ಡಾಕ್ಟರಿಗೆ ಯುದ್ಧದಲ್ಲಿ ಏನು ಕೆಲಸ’ ಎಂದು ಕೇಳುವವರು ಸಭೆಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಲೇಖನ ಆ ಪ್ರಶ್ನೆಗೆ ಉತ್ತರ ಕೊಡಬೇಕು. ಸೇನೆಯ ದಂತವೈದ್ಯ ದಳ ರೂಪುಗೊಂಡದ್ದು 1941ರ ಫೆಬ್ರುವರಿ 1ರಂದು. ಗುಂಡು, ಚೂರುಗಳು ತಗುಲಿ ದವಡೆ ಮುರಿದವನ ಮೇಲಿನ ಹಲ್ಲುಗಳನ್ನೂ ಕೆಳಗಿನ ಹಲ್ಲುಗಳನ್ನೂ ತಂತಿಯಿಂದ ಸುತ್ತಿ ಬಿಗಿದು ಮೂಳೆ ಕೂಡುವಂತೆ ಮಾಡುವುದು ಈ ವೈದ್ಯರ ಕೆಲಸ; ವೈದ್ಯರೇ ಸಿಗದ ಎತ್ತರದ ಠಾಣೆಗೆ ಹೊರಡುವ ಜವಾನರ ಹುಳುಕು ಹಲ್ಲುಗಳನ್ನು ಮೊದಲೇ ಹುಡುಕಿ ತುಂಬುವುದೂ ಅವರದೇ ಕೆಲಸ. ನಿಮ್ಮ ಹಿರಿಯರು ಇವುಗಳಲ್ಲಿ ಯಾವುದನ್ನು ಎಲ್ಲಿ ಮಾಡಿದರು ಎಂಬುದನ್ನು ಕಾಗದಗಳಿಂದ ಹೊರತೆಗೆಯಬೇಕು.

ಟ್ರಂಕಿನ ತಳದಲ್ಲಿ ಪದಕಗಳಿದ್ದರೆ ಅವನ್ನು ಉಜ್ಜಿ ಹೊಳಪಿಸುವ ಮೊದಲು ಬೆಳಕಿಗೆ ಹಿಡಿದು ಅಂಚನ್ನು ನೋಡಿ. ದುಂಡು ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಪಡೆದವರ ಸಂಖ್ಯೆ, ಹುದ್ದೆ, ಹೆಸರುಗಳನ್ನು ಸಣ್ಣ ಅಕ್ಷರಗಳಲ್ಲಿ ಕೆತ್ತಿರುತ್ತಾರೆ. ಆ ಪದಕದ ಕಾಲಕ್ಕೆ ಅವರು ಕ್ಯಾಪ್ಟನ್ ಆಗಿದ್ದರೋ ಮೇಜರ್ ಆಗಿದ್ದರೋ ಎಂಬುದು ಅಲ್ಲಿಯೇ ತಿಳಿಯುತ್ತದೆ. 1971ರ ಯುದ್ಧದಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್ ಸಂದಿವೆ. ಹೀಗೆ ಒಂದು ತುಂಡು ಲೋಹವೇ ಅವರಿದ್ದ ದಿಕ್ಕನ್ನು ಹೇಳಿಬಿಡುತ್ತದೆ. ಆದರೆ ಎಲ್ಲ ಪದಕಗಳೂ ಶೌರ್ಯಕ್ಕೆ ಸಿಕ್ಕವಲ್ಲ. ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕ 1972ರಲ್ಲಿ ಸೇವೆಯಲ್ಲಿದ್ದವರಿಗೆಲ್ಲ ಸಂದದ್ದು; ಒಂಬತ್ತು ವರ್ಷ, ಇಪ್ಪತ್ತು ವರ್ಷದ ಪದಕಗಳು ದೀರ್ಘ ಸೇವೆಗೆ ಸಂದವು. ಇವನ್ನೆಲ್ಲ ‘ಶೌರ್ಯ ಪದಕಗಳು’ ಎಂದು ಅಚ್ಚು ಹಾಕಿಸಿದರೆ ಸಭೆಗೆ ಬಂದ ಬೇರೊಬ್ಬ ಮಾಜಿ ಸೈನಿಕರ ಮುಂದೆ ಮನೆಯವರೇ ತಲೆ ತಗ್ಗಿಸಬೇಕಾಗುತ್ತದೆ.

ಹಳೆಯ ಇನ್‌ಲ್ಯಾಂಡ್ ಪತ್ರಗಳು ಸಿಕ್ಕರೆ ಅದು ದೊಡ್ಡ ಆಸ್ತಿ. ಕಳುಹಿಸಿದವರ ವಿಳಾಸದಲ್ಲಿ ಊರಿನ ಹೆಸರು ಇರದೆ ‘ಕೇರಾಫ್ 56 ಎ.ಪಿ.ಒ.’ ಅಥವಾ ‘99 ಎ.ಪಿ.ಒ.’ (ಎ.ಪಿ.ಒ. ಎಂದರೆ ಸೇನಾ ಅಂಚೆ ಕಚೇರಿ) ಎಂದಷ್ಟೇ ಇರುತ್ತದೆ, ಏಕೆಂದರೆ ಪಡೆ ಎಲ್ಲಿದೆ ಎಂಬುದನ್ನು ಮರೆಮಾಡಲೆಂದೇ ಆ ವ್ಯವಸ್ಥೆ ಇದೆ. 99 ಸಾಮಾನ್ಯವಾಗಿ ಪೂರ್ವ ಭಾಗಕ್ಕೆ, 56 ಉತ್ತರ ಮತ್ತು ಪಶ್ಚಿಮ ಭಾಗಗಳಿಗೆ ಸೇರಿದ್ದು. ಸ್ಥಳವನ್ನು ಪತ್ರದ ಒಳಗಿನ ಮಾತಿನಿಂದಲೇ ಊಹಿಸಬೇಕು: ಹಿಮ, ನದಿ, ಚಹಾತೋಟ, ಮರಳು. ಊಹೆಯನ್ನು ಊಹೆಯೆಂದೇ ಬರೆಯಿರಿ. ಕಾಲಾವಧಿಗೆ ಬಿಡುಗಡೆ ಆದೇಶವನ್ನೂ ಪಿಂಚಣಿ ಪಾವತಿ ಆದೇಶವನ್ನೂ ನೋಡಿದರೆ ಸಾಕು. ಅಲ್ಪಾವಧಿ ಸೇವೆಯಿಂದ ಬಂದವರಿಗೆ ಪಿಂಚಣಿ ಇಲ್ಲದಿರಬಹುದು. ಅದರಿಂದ ಅವರ ಸೇವೆ ಕಿರಿದಾಗುವುದಿಲ್ಲವಾದ್ದರಿಂದ ಮುಚ್ಚಿಡುವ ಅಗತ್ಯವೂ ಇಲ್ಲ. ಹುದ್ದೆಯನ್ನು ಬರೆಯುವಾಗ ‘ನಿವೃತ್ತ ಮೇಜರ್’ ಎನ್ನದೆ, ಮೊದಲು ಹುದ್ದೆ, ಬಳಿಕ ಹೆಸರು, ಕೊನೆಯಲ್ಲಿ ಆವರಣದೊಳಗೆ ‘ನಿವೃತ್ತ’ ಎಂದು ಬರೆಯುವುದು ಸೇನೆಯ ಕ್ರಮ.

ದವಾಖಾನೆಯ ವಿಷಯದಲ್ಲಿ ತೊಂದರೆ ಬೇರೆಯದು: ಸಾಕ್ಷಿಗಳು ಹೆಚ್ಚು, ಆದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ‘ಡಾಕ್ಟರು ದೇವರಂಥವರು’ ಎಂಬ ಮಾತನ್ನು ಹತ್ತು ಜನರಿಂದ ಬರೆದುಕೊಂಡರೂ ಒಂದು ಸಾಲೂ ಹುಟ್ಟುವುದಿಲ್ಲ. ಆದ್ದರಿಂದ ಅವರು ಹೇಗಿದ್ದರು ಎಂದು ಕೇಳದೆ ಏನು ಮಾಡುತ್ತಿದ್ದರು ಎಂದು ಕೇಳಬೇಕು. ಸೂಜಿ ಚುಚ್ಚುವ ಮುನ್ನ ಏನನ್ನುತ್ತಿದ್ದರು? ಕಿತ್ತ ಹಲ್ಲನ್ನು ಮಕ್ಕಳ ಕೈಗೆ ಕೊಡುತ್ತಿದ್ದರೋ? ಸಂತೆಯ ದಿನ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಿದ್ದರು? ಬಳ್ಳಾರಿಯಂಥ ಊರಿನಲ್ಲಿ ಒಂದೇ ಬೆಂಚಿನ ಮೇಲೆ ಕನ್ನಡ, ತೆಲುಗು, ಉರ್ದು ಮಾತಾಡುವವರು ಕಾಯುತ್ತಿರುತ್ತಾರೆ. ‘ಬಾಯಿ ತೆಗೀರಿ’ ಎಂಬುದನ್ನು ಅವರು ಎಷ್ಟು ಭಾಷೆಗಳಲ್ಲಿ ಹೇಳುತ್ತಿದ್ದರು, ಸೇನೆಯಲ್ಲಿ ಕಲಿತ ಹಿಂದಿ ಅಲ್ಲಿ ಕೆಲಸಕ್ಕೆ ಬಂತೇ ಎಂದು ಕೇಳಿದರೆ ಎರಡು ಬದುಕುಗಳು ಕೂಡುವ ಜಾಗವೂ ಸಿಕ್ಕೀತು. ಇದಕ್ಕೆಲ್ಲ ಮೊದಲು ಹುಡುಕಬೇಕಾದವರು ಅವರ ಕಂಪೌಂಡರ್ ಮತ್ತು ಹಲ್ಲಿನ ಸೆಟ್ ಮಾಡಿಕೊಡುತ್ತಿದ್ದವರು. ಊರಿನ ಗಣ್ಯರ ಸಂದೇಶಗಳು ತಾವಾಗಿಯೇ ಬರುತ್ತವೆ. ಅವು ಬರದಿದ್ದರೂ ನಷ್ಟವೇನಿಲ್ಲ.

ಈ ಸೀಮೆಯ ದಂತವೈದ್ಯರ ಬದುಕಿನಲ್ಲಿ ನೀರಿನ ಕಥೆಯೂ ಸೇರಿದೆ. ಮೂರೂ ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ, ಕುಡಿಯುವ ನೀರಿಗೆ ಬೇರೆ ಮೂಲವೇ ಇಲ್ಲದಾಗ ಒಪ್ಪಬಹುದಾದ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನೂ ಮೀರಿದೆ. ಹಲ್ಲು ಒಸಡಿನೊಳಗೆ ಬೆಳೆಯುತ್ತಿರುವ ಬಾಲ್ಯದಲ್ಲಿ ಆ ನೀರನ್ನು ಕುಡಿದವರ ಮುಂಬಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಪಟ್ಟೆಗಳು ಮೂಡಿ, ಮುಂದೆ ಕಂದುಬಣ್ಣಕ್ಕೆ ತಿರುಗುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ಅಂಥ ಕಲೆ ಹೊತ್ತು ಮದುವೆಯ ವಯಸ್ಸಿಗೆ ಬಂದವರಿಗೆ ಅವರು ಏನು ಹೇಳುತ್ತಿದ್ದರು, ಶಾಲೆಗಳಿಗೆ ಹೋಗಿ ಮಕ್ಕಳ ಬಾಯಿ ನೋಡುತ್ತಿದ್ದರೋ, ಗುಟ್ಕಾ ಅಗಿದು ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯಲಾಗದೆ ಬಂದವರನ್ನು ಗದರುತ್ತಿದ್ದರೋ ಎಂದು ವಿಚಾರಿಸಿ. ಆದರೆ ರೋಗಿಯ ಹೆಸರನ್ನೂ ರೋಗವನ್ನೂ ಅವರ ಒಪ್ಪಿಗೆಯಿಲ್ಲದೆ ಅಚ್ಚಿಗೆ ಕೊಡಬಾರದು. ದವಾಖಾನೆಯ ಹಳೆಯ ಚೀಟಿ, ಎಕ್ಸ್‌ರೇಗಳ ಫೋಟೋಗಳೂ ಪುಸ್ತಿಕೆಗೆ ಬೇಡ.

ಸಂಸಾರದ ಭಾಗ ಚಿಕ್ಕದಿದ್ದರೂ ನಡೆದೀತು; ಓದುವವರಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ಕಂಡವರೇ. ಒಂದನ್ನು ಮಾತ್ರ ಬಿಡಬಾರದು. ಹೆಂಡತಿ ಮಕ್ಕಳನ್ನು ಕರೆದೊಯ್ಯಲಾಗದ ಠಾಣೆಗಳಲ್ಲಿ ಅವರಿದ್ದಾಗ ಇಲ್ಲಿ ಮನೆ ನಡೆಸಿದವರು ಯಾರು, ಮಕ್ಕಳ ಜ್ವರ, ಫೀಸು, ಹೊಲದ ಲಾವಣಿ (ಗೇಣಿ) ನೋಡಿಕೊಂಡವರು ಯಾರು ಎಂಬುದನ್ನು ಅಮ್ಮನವರನ್ನೇ ಕೂಡಿಸಿಕೊಂಡು ಕೇಳಬೇಕು. ಮಗ ಎದುರಿಗೆ ಕುಳಿತರೆ ಅವರು ಬಿಟ್ಟು ಹೇಳದೆ ಇರಬಹುದು; ಮೊಮ್ಮಗಳು ಕೇಳಿದರೆ ಹೇಳುತ್ತಾರೆ.

ಬರೆಯುವಾಗ ‘ಸರಳ ಸಜ್ಜನಿಕೆಯ ಮೂರ್ತಿ’, ‘ಅಜಾತಶತ್ರು’ ಎಂಬಂಥ ಪದಗಳು ಕೈಗೆ ಬಂದರೆ ಅವನ್ನು ಹೊಡೆದುಹಾಕಿ, ಆ ಜಾಗದಲ್ಲಿ ಒಂದು ನಡೆದ ಸಂಗತಿಯನ್ನು ಇಡಿ. ಸಿಡುಕಿನ ಸ್ವಭಾವ ಇದ್ದಿದ್ದರೆ ಅದೂ ಬರಲಿ. ಗದರಿಸಿಕೊಂಡ ರೋಗಿಗಳೇ ಅದನ್ನು ಓದಿ ನಗುತ್ತಾರೆ. ಸಭೆಯಲ್ಲಿ ಓದುವುದಾದರೆ ಎಂಟು ಹತ್ತು ನಿಮಿಷಕ್ಕೆ ನಿಲ್ಲಿಸಬೇಕು, ಉಳಿದದ್ದು ಪುಸ್ತಿಕೆಯಲ್ಲಿರಲಿ. ಅಚ್ಚಿಗೆ ಹೋಗುವ ಮುನ್ನ ಕರಡನ್ನು ಇಬ್ಬರಿಗೆ ತೋರಿಸಿ: ಪದಕ, ಹುದ್ದೆಗಳ ಸಾಲುಗಳನ್ನು ಒಬ್ಬ ಮಾಜಿ ಸೈನಿಕರು ನೋಡಲಿ, ದವಾಖಾನೆಯ ಪುಟಗಳನ್ನು ಕಂಪೌಂಡರ್ ಕೇಳಿಸಿಕೊಳ್ಳಲಿ.