‘ಮತು’ ಅಲ್ಲ, ‘ಮತ್ಸು’: ದೋಜಿನ್‌ಶಿ ಶೀರ್ಷಿಕೆಗಳನ್ನು ಬಿಡಿಸಿ ಓದುವ ಬಗೆ

ಇಂಗ್ಲಿಷಿನಲ್ಲಿ 2014ರವರೆಗೆ ‘ಬೆಲ್ಲರಿ’ ಎಂದು ಬರೆದರೂ ಬಾಯಲ್ಲಿ ಬಳ್ಳಾರಿಯನ್ನೇ ಉಳಿಸಿಕೊಂಡವರು ನಾವು. ಇಂಗ್ಲಿಷ್ ಫಲಕ ಓದಿ ಸಂಡೂರನ್ನು ‘ಸಂದೂರು’ ಎನ್ನುವ ಪರಸ್ಥಳದವರನ್ನೂ ಬಲ್ಲೆವು. ಜಪಾನಿನ ಅಭಿಮಾನಿಗಳು ತಾವೇ ಬರೆದು ಅಚ್ಚು ಹಾಕಿಸುವ ಕಾಮಿಕ್ಸ್ ಪುಸ್ತಕಗಳ, ಅಂದರೆ ದೋಜಿನ್‌ಶಿಗಳ, ಹೆಸರುಗಳು ಇಂಗ್ಲಿಷ್ ಲಿಪಿಗೆ ಇಳಿದಾಗ ಆಗುವ ಅವಾಂತರವೂ ಇದೇ ಜಾತಿಯದು.

ಮೊದಲು ಶೀರ್ಷಿಕೆಯಲ್ಲದ್ದನ್ನು ಬದಿಗಿಡಬೇಕು. ಆರಂಭದ ಚೌಕ ಕಂಸದಲ್ಲಿ ಸಾಮಾನ್ಯವಾಗಿ ಪುಸ್ತಕ ಹೊರತಂದ ಬಳಗದ ಹೆಸರೂ ಅದರೊಳಗಿನ ದುಂಡು ಕಂಸದಲ್ಲಿ ಲೇಖಕರ ಹೆಸರೂ ಇರುತ್ತವೆ. ‘ಸಿ’ ಅಕ್ಷರದ ಮುಂದೆ ಅಂಕಿಯಿದ್ದರೆ ಅದು 1975ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ಶುರುವಾದ ಕಾಮಿಕ್ ಮಾರ್ಕೆಟ್ ಮೇಳದ ಕ್ರಮಸಂಖ್ಯೆ.

ಉಳಿದದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಹ್ರಸ್ವ ಎ, ಒ, ಅವುಗಳ ದೀರ್ಘ, ಒತ್ತಕ್ಷರ ಇವೆಲ್ಲವೂ ಜಪಾನಿಯಲ್ಲಿ ಅರ್ಥವನ್ನೇ ಬದಲಿಸುವುದರಿಂದ ನಮ್ಮ ಲಿಪಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಟ, ಡ ಬರೆಯುವ ಚಪಲವನ್ನು ಮಾತ್ರ ಬಿಟ್ಟು ತ, ದ ಎಂದೇ ಬರೆಯಬೇಕು. ‘ಕಿತೆ’ ಎಂದರೆ ‘ಬಂದು’, ‘ಕಿತ್ತೆ’ ಎಂದರೆ ಅಂಚೆಚೀಟಿ. ‘ಒಬಸನ್’ ಚಿಕ್ಕಮ್ಮನಾದರೆ ‘ಒಬಾಸನ್’ ಅಜ್ಜಿ, ಹಾಗಾಗಿ ದೀರ್ಘದ ಗುರುತು ಬಿಟ್ಟುಹೋದ ಶೀರ್ಷಿಕೆಯಲ್ಲಿ ಕಥೆ ಯಾರದೆಂಬುದೇ ತಪ್ಪಬಹುದು. ‘ಒ’ ಮುಂದೆ ‘ಯು’ ಅಕ್ಷರ ಬಂದರೆ ಅದು ಬಹುಪಾಲು ‘ಓ’ ಆಗಿರುತ್ತದೆ, ‘ಔ’ ಅಲ್ಲ. ‘ದೌಜಿನ್‌ಶಿ’ ಎಂದು ಓದುವ ತಪ್ಪು ಹುಟ್ಟುವುದು ಇಲ್ಲಿಯೇ.

ನಿಜವಾದ ತೊಡಕು ಜಪಾನಿಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ಎರಡು ಕಾಗುಣಿತಗಳ ಬೆರಕೆ. ಹೆಪ್ಬರ್ನ್ ಪದ್ಧತಿ ಉಚ್ಚಾರಣೆಯಂತೆ ಶಿ, ಚಿ, ತ್ಸು, ಫು ಎಂದು ಬರೆಯುವುದನ್ನು ಜಪಾನ್ ಸರ್ಕಾರ 1937ರಲ್ಲಿ ಹೊರಡಿಸಿದ ಕುನ್ರೇ ಪದ್ಧತಿಯು ಸಿ, ತಿ, ತು, ಹು ಎಂದು ಬರೆಯುತ್ತದೆ. ನಾನೇ ಕಟ್ಟಿದ ಒಂದು ಶೀರ್ಷಿಕೆ ನೋಡಿ: ‘ಬೊಕು ಹ ಕಿಮಿ ವೊ ಮತು’. ಇಲ್ಲಿನ ‘ಹ’ ಮತ್ತು ‘ವೊ’ ನಮ್ಮ ವಿಭಕ್ತಿಗಳ ಕೆಲಸ ಮಾಡುವ ಪ್ರತ್ಯಯಗಳು. ಬರೆಯುವುದು ಹಾಗಾದರೂ ಓದುವುದು ‘ವ’, ‘ಒ’ ಎಂದು. ‘ಮತು’ ಎಂಬುದು ‘ಮತ್ಸು’. ಈ ಸದ್ದಿಗೆ ಪೈನ್ ಮರ ಎಂಬ ಅರ್ಥವೂ ಇದೆಯಾದರೂ, ಹಿಂದೆ ‘ಅನ್ನು’ ಎಂಬಂಥ ‘ಒ’ ಇರುವುದರಿಂದ ಇದು ಕ್ರಿಯಾಪದ: ‘ನಾನು ನಿನಗಾಗಿ ಕಾಯುತ್ತೇನೆ.’

ನಿಘಂಟಿನಲ್ಲಿ ಸಿಗದ ಪದ ಇಂಗ್ಲಿಷಿನದಾಗಿರಬಹುದು. ನಮ್ಮ ಹಿರಿಯರು ಸ್ಕೂಲನ್ನು ‘ಇಸ್ಕೂಲು’ ಮಾಡಿಕೊಂಡಂತೆ ಅವರು ‘ಸುಕೂರು’ ಮಾಡಿಕೊಂಡಿದ್ದಾರೆ. ‘ರಬು’ ಎಂದರೆ ಲವ್.

ಕೊನೆಗೆ ಫೋನಿಗೆ ಜಪಾನಿ ಕೀಲಿಮಣೆ ಹಾಕಿಕೊಂಡು, ತಿದ್ದಿದ ಉಚ್ಚಾರಣೆಯನ್ನು ಒತ್ತಿ, ಅದು ತೋರಿಸುವ ಕಾಂಜಿಗಳನ್ನು, ಅಂದರೆ ಚೀನೀ ಮೂಲದ ಅಕ್ಷರಗಳನ್ನು, ಮುಖಪುಟದೊಂದಿಗೆ ಹೋಲಿಸಬೇಕು. ‘ಕಮಿ’ ಎಂದು ಒತ್ತಿದರೆ ದೇವರು, ಕಾಗದ, ಕೂದಲು ಮೂರೂ ಬರುತ್ತವೆ. ಆಯ್ಕೆಯನ್ನು ಮುಖಪುಟದ ಅಕ್ಷರವೇ ಹೇಳಬೇಕು.