ಸೇತುವೆ ಮುಳುಗಿದ ಸಂಜೆಯೇ ಡ್ರಮ್ಮು ಹೊರಡುತ್ತದೆ

ನಮ್ಮ ಮನೆ ಚಿಕ್ಕೋಡಿ ಭಾಗದಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿದೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜೋರಾಗಿ ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆ ಸಾಕು, ನಮ್ಮಲ್ಲಿ ಹನಿ ಬೀಳದಿದ್ದರೂ ಹೊಳೆ ಏರುತ್ತದೆ.

2019ರ ಆಗಸ್ಟ್‌ನಲ್ಲಿ ನೀರು ಅಂಗಳಕ್ಕೆ ಬಂದಾಗ ಫೋಟೊ, ಕಾಗದಪತ್ರಗಳನ್ನೆಲ್ಲ ಟ್ರಂಕಿಗೆ ತುಂಬಿ ಅಟ್ಟಕ್ಕೇರಿಸಿದೆವು. ದನಗಳನ್ನು ಹೊಡೆದುಕೊಂಡು ಕಾಳಜಿ ಕೇಂದ್ರ ಸೇರಿದೆವು. ನೀರು ಅಟ್ಟವನ್ನು ಮುಟ್ಟಲಿಲ್ಲ. ಆದರೆ ಮಣ್ಣಿನ ಗೋಡೆ ನೆನೆದು ಕುಸಿದಿತ್ತು. ಅಟ್ಟ, ಟ್ರಂಕು ಎಲ್ಲ ರಾಡಿಯಲ್ಲಿ ಬಿದ್ದಿದ್ದವು. ಮಣ್ಣಿನ ಮನೆಯಲ್ಲಿ ಎತ್ತರದ ಜಾಗ ಸುರಕ್ಷಿತವೆಂದು ದಯವಿಟ್ಟು ನಂಬಬೇಡಿ.

ಮಾವನವರ ಚಿತ್ರ ಗಾಜಿನ ಚೌಕಟ್ಟಿನೊಳಗೆ ಒದ್ದೆಯಾಗಿತ್ತು. ಒಣಗಿದ ಮೇಲೆ ತೆಗೆಯೋಣವೆಂದು ಬಿಸಿಲಿಗಿಟ್ಟೆ. ಎರಡು ದಿನ ಬಿಟ್ಟು ಕಾಗದ ಎಳೆದರೆ ಮುಖ ಗಾಜಿಗೇ ಅಂಟಿಕೊಂಡು ಉಳಿಯಿತು. ನನ್ನ ಕೈಗೆ ಬಂದದ್ದು ರುಮಾಲಿನ ಅಂಚು ಮತ್ತು ಒಂದು ಭುಜ. ಅತ್ತೆ ಏನೂ ಅನ್ನಲಿಲ್ಲ. ಗಾಜನ್ನು ಟವೆಲಿನಲ್ಲಿ ಸುತ್ತಿ ಎತ್ತಿಟ್ಟರು.

ಸ್ಟುಡಿಯೊದವರೊಬ್ಬರು ಆಮೇಲೆ ತಿಳಿಸಿ ಹೇಳಿದರು. ಚೌಕಟ್ಟಿನ ಫೋಟೊವನ್ನು ಒದ್ದೆಯಿರುವಾಗಲೇ ಗಾಜಿನಿಂದ ಬಿಡಿಸಬೇಕು. ಒಂದಕ್ಕೊಂದು ಅಂಟಿದ ಫೋಟೊಗಳನ್ನು ಕೀಳದೆ, ತಣ್ಣನೆಯ ಶುದ್ಧ ನೀರಿನಲ್ಲಿ ತಾವಾಗಿಯೇ ಸಡಿಲಾಗುವವರೆಗೆ ಬಿಡಬೇಕು. ಮೇಲ್ಮೈಯನ್ನು ಉಜ್ಜದೆ, ಚಿತ್ರ ಮೇಲೆ ಬರುವಂತೆ ನೆರಳಿನಲ್ಲಿ ಹರವಬೇಕು. ಒಣಗಿ ಗಾಜಿಗೆ ಅಂಟಿಯೇಬಿಟ್ಟಿದ್ದರೆ ಕೈ ಹಚ್ಚದೆ, ಗಾಜಿನ ಮೇಲಿಂದಲೇ ಇನ್ನೊಂದು ಫೋಟೊ ತೆಗೆದುಕೊಳ್ಳಬೇಕು.

ಮರುವರ್ಷದ ಬೇಸಿಗೆಯಲ್ಲಿ ಅತ್ತೆಯೂ ನಾನೂ ಎಲ್ಲವನ್ನೂ ನಡುಮನೆಯಲ್ಲಿ ಹರವಿಕೊಂಡು ಕುಳಿತೆವು. ಮತ್ತೆ ಸಿಗುವುದು ಯಾವುದು, ಸಿಗದಿರುವುದು ಯಾವುದು ಎಂಬುದೊಂದೇ ಲೆಕ್ಕ. ಉತಾರ (ಜಮೀನಿನ ಪಹಣಿ), ಆಧಾರ್, ರೇಷನ್ ಕಾರ್ಡು ಕಳೆದರೆ ಮತ್ತೆ ಪಡೆಯಬಹುದು. ಆದರೆ ಪರಿಹಾರಕ್ಕೆ ಅವು ತಕ್ಷಣ ಬೇಕು. ಆದ್ದರಿಂದ ಅವನ್ನೂ ಪಾಸ್‌ಬುಕ್ಕನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೈಮೇಲೆಯೇ ಇಟ್ಟುಕೊಳ್ಳುವುದೆಂದು ಮಾಡಿದೆವು. ಮನೆಯ ಪ್ರತಿ ಗೋಡೆಯ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದು ಮಗನಿಗೆ ಕಳಿಸಿದೆ. 2019ರಲ್ಲಿ ಬಿದ್ದ ಮನೆಗಳನ್ನು ಪರಿಹಾರಕ್ಕಾಗಿ ಹಾನಿಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸುವಾಗ, ನಮ್ಮ ಮನೆ ಮೊದಲು ಹೇಗಿತ್ತೆಂದು ತೋರಿಸಲು ನಮ್ಮಲ್ಲಿ ಒಂದು ಚಿತ್ರವೂ ಇರಲಿಲ್ಲ.

ಮತ್ತೆ ಸಿಗದ ವಸ್ತುಗಳಿಗೆ ರಬ್ಬರ್ ಅಂಚಿನ ಮುಚ್ಚಳ, ಕಬ್ಬಿಣದ ಪಟ್ಟಿ ಇರುವ ಡ್ರಮ್ಮು ತಂದೆ. ಒಬ್ಬರೇ ಎತ್ತುವಷ್ಟು ಸಣ್ಣದು. ಒಳಗೆ ಹಳೆಯ ದಿನಪತ್ರಿಕೆ ಹಾಕಿ, ದನಗಳ ನೀರಿನ ತೊಟ್ಟಿಯಲ್ಲಿ ಕಲ್ಲು ಹೇರಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ಪತ್ರಿಕೆ ಗರಿಗರಿಯಾಗಿಯೇ ಇತ್ತು. ವಸ್ತುಗಳನ್ನು ಒಣ ಹವೆಯಿರುವಾಗಲೇ ತುಂಬಬೇಕು. ತೇವ ಒಳಗೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಅತ್ತೆ ಬೀಸುವ ಪದಗಳನ್ನು ಬರೆದಿಟ್ಟ ನೋಟ್‌ಬುಕ್, ಅವರ ಧಾರೆಯ ಇಳಕಲ್ ಸೀರೆ, ಉಳಿದ ಫೋಟೊಗಳು ಡ್ರಮ್ಮು ಸೇರಿದವು. ಎಲ್ಲಕ್ಕಿಂತ ಮೊದಲು ಅತ್ತೆ ಇಟ್ಟದ್ದು ಆ ಗಾಜನ್ನು. "ಹೊಸ ಪ್ರಿಂಟ್ ಹಾಕಿಸಿದ್ದೇನಲ್ಲ ಅತ್ತೆ" ಎಂದೆ. "ಅದು ನಕಲು, ಇದು ಅವರು" ಎಂದರು.

ನಮ್ಮ ಹೊಳೆಯ ಮೇಲಿನ ಕಲ್ಲೋಳ–ಯಡೂರ ಸೇತುವೆ ಮುಳುಗಿತೆಂಬ ಸುದ್ದಿ ಬಂದ ಸಂಜೆಯೇ ಡ್ರಮ್ಮು ಚಿಕ್ಕೋಡಿಯ ನಾದಿನಿಯ ಮನೆಗೆ ಹೋಗಬೇಕು, ಇನ್ನೊಂದು ದಿನ ನೋಡೋಣ ಎನ್ನಬಾರದು ಎಂದು ಮನೆಯವರೆಲ್ಲ ಒಪ್ಪಿದೆವು. ಈ ಗಡುವು ಇರದಿದ್ದರೆ ಡ್ರಮ್ಮಿನಿಂದ ಏನೂ ಪ್ರಯೋಜನವಾಗುತ್ತಿರಲಿಲ್ಲ. ನೀರು ಅಂಗಳಕ್ಕೆ ಬಂದ ಮೇಲೆ ಯಾರ ಕೈಗೂ ಬಿಡುವಿರುವುದಿಲ್ಲ.

2021ರ ಜುಲೈನಲ್ಲಿ ಹಾಗೆಯೇ ಮಾಡಿದೆವು. ಹೊಳೆ ಮತ್ತೆ ಮನೆ ಹೊಕ್ಕಿತು, ಕಿಟಕಿಯವರೆಗೆ ನೀರಿತ್ತು. ಕೆಸರು ಬಳಿದು, ಗೋಡೆ ತೊಳೆದು ಮುಗಿಸಿದ ಮೇಲೆ ನಾದಿನಿ ಡ್ರಮ್ಮು ತಂದಳು. ಅತ್ತೆ ನೋಟ್‌ಬುಕ್ ಮುಟ್ಟಲಿಲ್ಲ, ಸೀರೆ ಮುಟ್ಟಲಿಲ್ಲ. ಟವೆಲಿನ ಗಂಟು ಬಿಚ್ಚಿ, ಗಾಜಿನ ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿದರು. ಎಲ್ಲಿಯೂ ಒಡೆದಿರಲಿಲ್ಲ.